ಯೆಸೇನಿಯಾಳ ಶ್ರುತಿದೋಷ

ಶ್ರುತಿ ಕೆಡುವ ಭಯವೇ ಇಲ್ಲದ ವಾದ್ಯ ಈ ಜಗತ್ತಿನಲ್ಲಿ ಇದ್ದರೆ ಅದು ನನ್ನದು. ಒಣಗಿದ ಸೋರೆ ಬುರುಡೆ, ಅದರ ಮೈತುಂಬ ಗೀರು, ಆ ಗೀರಿನ ಮೇಲೆ ಕಡ್ಡಿಯಿಂದ ಕೆರೆಯುವುದು. ನಮ್ಮಲ್ಲಿ ಅದನ್ನು ಗ್ವೀರೋ ಎನ್ನುತ್ತಾರೆ. ವಾರವೆಲ್ಲ ಊರಿನವರ ಗಡ್ಡ ಕೆರೆಯುತ್ತೇನೆ, ಭಾನುವಾರ ಬುರುಡೆ ಕೆರೆಯುತ್ತೇನೆ. ಆದ್ದರಿಂದ ಇನ್ನೊಬ್ಬರ ಶ್ರುತಿಯ ಬಗ್ಗೆ ಪಕ್ಷಪಾತವಿಲ್ಲದೆ ಮಾತಾಡುವ ಯೋಗ್ಯತೆ ನಮ್ಮ ತಂಡದಲ್ಲಿ ನನಗೊಬ್ಬನಿಗೇ ಇದೆ ಎಂಬುದು ನನ್ನ ಅಭಿಪ್ರಾಯ. ತಂಡದಲ್ಲಿ ಇದನ್ನು ಯಾರೂ ಒಪ್ಪಿಲ್ಲ.

ತಂಡದ ಗಿಟಾರಿನವನು ಡೆಲ್ಫಿನ್ ಒರಿವೇಲಾ. ಬೆಟ್ಟಸೀಮೆಯ ಹುವಾಂಕಾಯೋ ಊರಿನ ನಮ್ಮ ಬೀದಿಯಲ್ಲಿ ನನ್ನ ಕ್ಷೌರದಂಗಡಿಗೆ ಎದುರಾಗಿ ಅವನ ಬೇಕರಿ. ಹಿಟ್ಟು ನಾದಿ ನಾದಿ ಅವನ ಕೈಗಳು ಸಲಿಕೆಯಷ್ಟಾಗಿವೆ. ಮದುವೆಯ ವಯಸ್ಸು ಅವನ ಬಾಗಿಲಿಗೂ ಬಂದಿತ್ತು. ಒಳಗಿನಿಂದ ಉತ್ತರ ಬಾರದ್ದರಿಂದ ಹಾಗೇ ಮುಂದೆ ಹೋಯಿತು. ಮಾತು ಕಡಿಮೆ. ಆದರೆ ಕಿವಿಯ ವಿಷಯ ಬಂದರೆ ಮಾತ್ರ ಅವನ ಜಂಭ ನೋಡಬೇಕು. “ಗೋಡೆ ಮೇಲೆ ಇರುವೆ ನಡೆದ್ರೆ ಅದು ಯಾವ ಶ್ರುತೀಲಿ ನಡೀತಿದೆ ಅಂತ ಹೇಳ್ತೀನಿ,” ಎನ್ನುತ್ತಿದ್ದ. ಇರುವೆಗಳು ಎದುರು ಮಾತಾಡದ್ದರಿಂದ ಈ ಕೀರ್ತಿ ಬಹುಕಾಲ ಉಳಿದಿತ್ತು.

ಹೀಗಿರುವಾಗ ಅವನ ಹಳೆಯ ಎಲೆಕ್ಟ್ರಿಕ್ ಗಿಟಾರು ಸತ್ತಿತು. ನಮ್ಮಲ್ಲಿ ಮಗುವಿಗಷ್ಟೇ ಧರ್ಮತಂದೆ ಇರುವುದಲ್ಲ. ಕೇಕಿಗೂ ಇರಬೇಕು, ಫುಟ್‌ಬಾಲ್ ತಂಡದ ಅಂಗಿಗೂ ಇರಬೇಕು, ಮನೆಯ ಸೂರಿಗೂ ಇರಬೇಕು. ಖರ್ಚು ಅವನದು, ಗೌರವವೂ ಅವನದು. ಹೊಸ ಗಿಟಾರಿಗೆ ಧರ್ಮತಂದೆಯಾಗಿ ಬಂದವರು ದೋನ್ ಔರೇಲಿಯೋ ಚುಕಿಯಾಂಕಿ, ಆಲೂಗಡ್ಡೆಯ ಸಗಟು ವ್ಯಾಪಾರಿ, ಬೀದಿಯ ಸಂಘದ ಅಧ್ಯಕ್ಷರು. ಕೆಂಪು ಬಣ್ಣದ ಗಿಟಾರು ತಂದರು, ಜೊತೆಗೆ ಕತ್ತೆಯನ್ನು ಬೆಟ್ಟದ ಮೇಲೆ ಮೇಯಲು ಬಿಡುವಷ್ಟು ಉದ್ದದ ವೈರೂ ತಂದರು. ಬೇಕರಿಯ ಅಂಗಳದಲ್ಲಿ ನಮ್ಮೆಲ್ಲರ ಎದುರಿಗೆ ಅದರ ಮೇಲೆ ಬಿಯರ್ ಚಿಮುಕಿಸಿ, ಕಣ್ಣೊರಸಿಕೊಂಡು, ಯೆಸೇನಿಯಾ ಎಂದು ಹೆಸರಿಟ್ಟರು. ಅಂದಿನಿಂದ ಅವರೂ ಡೆಲ್ಫಿನನೂ ಒಬ್ಬರಿಗೊಬ್ಬರು ಕೊಂಪಾದ್ರೆ, ಅಂದರೆ ಸಂಬಂಧಿಗಳು. ನಡುವೆ ಇರುವ ಮಗು ಮರದ್ದು, ಅಷ್ಟೇ.

ಮೊದಲ ಅಭ್ಯಾಸದಲ್ಲೇ ಕಾಯಿಲೆ ಕಾಣಿಸಿಕೊಂಡಿತು.

ನಮ್ಮ ಹಾಡುಗಾರ್ತಿ ಸೆನ್ಯೋರಾ ರೊಸಾಲ್ವಿನಾ ಬಾಲ್ದೆಯೋನ್. ಮಾರ್ಕೆಟ್ಟಿನಲ್ಲಿ ಹಣ್ಣಿನ ರಸದ ಅಂಗಡಿ ಇಟ್ಟಿರುವ ವಿಧವೆ, ತಂಡದ ಯಜಮಾನಿಯೂ ಅವಳೇ. ಹಾಡಿನ ನಡುವೆ ಗಿಟಾರಿನ ಸರದಿ ಬಂದಾಗ ಅವಳು ಗಿಟಾರಿನವನ ಪಕ್ಕಕ್ಕೆ ಬಂದು ನಿಂತು, “ಎತ್ತಿ, ದೋನ್ ಡೆಲ್ಫಿನ್!” ಎಂದು ಹುರಿದುಂಬಿಸಿದಳು. ಆಗ ಡೆಲ್ಫಿನ್ ದಂಡಿಯ ಮೇಲ್ತುದಿಯ ಮೆಟ್ಟಿಲುಗಳಿಗೆ ಏರಬೇಕು. ಏರಿದ. ಬೀದಿಯ ನಾಯಿಗಳು ಎದ್ದು ಜಾಗ ಬದಲಾಯಿಸಿದವು.

“ನಿಲ್ಸಿ, ನಿಲ್ಸಿ!” ಎಂದಳು ರೊಸಾಲ್ವಿನಾ. “ಇದೇನ್ರೀ ಇದು? ಕೆಳಗಿದ್ದಾಗ ಜೇನುತುಪ್ಪ, ಮೇಲಕ್ಕೆ ಹೋದ್ರೆ ನಿಂಬೆಹುಳಿ!”

“ಹೊಸದು ಸೆನ್ಯೋರಾ. ಕೈಗೆ ಹೊಂದ್ಕೋಬೇಕು.”

“ಚಪ್ಪಲಿ ಏನ್ರೀ ಅದು, ಹೊಂದ್ಕೊಳ್ಳೋಕೆ?”

ಡೆಲ್ಫಿನ್ ಬಿರಡೆ ತಿರುಗಿಸಿದ. ತೆರೆದ ತಂತಿ ಸರಿ. ಕೆಳಗಿನ ಮೆಟ್ಟಿಲು ಸರಿ. ಮತ್ತೆ ಹಾಡು, ಮತ್ತೆ ಅವನ ಸರದಿ, ಮತ್ತೆ ನಿಂಬೆಹುಳಿ. ಸ್ವರ ಒಂದು ಕೂದಲೆಳೆ ಏರಿ ನಿಲ್ಲುತ್ತಿತ್ತು. ಕೂದಲಿನ ವಿಷಯ ನನಗೆ ಗೊತ್ತು, ದಪ್ಪ ಕೂದಲೇ.

ಆಗ ರೊಸಾಲ್ವಿನಾ ತೀರ್ಪು ಕೊಟ್ಟಳು. “ನೋಡಿ, ಭಾನುವಾರ ದೋನ್ ಔರೇಲಿಯೋ ಅವರ ಹೊಸ ಮನೆಯ ಸೂರಿನ ಹಬ್ಬ. ಇಡೀ ಪೇಟೆ ಬರುತ್ತೆ. ಅಲ್ಲೂ ಹೀಗೇ ಆದ್ರೆ, ಆಮೇಲಿಂದ ರಿಲ್ದೋ ನುಡಿಸ್ಲಿ. ಕೀಬೋರ್ಡಿಗೆ ಶ್ರುತಿ ಕೆಡೋ ರೋಗ ಇಲ್ಲ.”

ರಿಲ್ದೋ ಅವಳ ಚಿಕ್ಕಪ್ಪನ ಮಗ. ಲೀಮಾದಿಂದ ಕೀಬೋರ್ಡು ಹೊತ್ತು ಬಂದು ಮೂಲೆಯಲ್ಲಿ ವಿನಯವಾಗಿ ಕುಳಿತಿದ್ದ. ಅದರಲ್ಲಿ ಗಿಟಾರಿನ ದನಿ ಇತ್ತು, ಪಿಟೀಲಿನ ದನಿ ಇತ್ತು, ಹುಂಜದ ಕೂಗೂ ಇತ್ತು. ಎಲ್ಲ ಶುದ್ಧ ಶ್ರುತಿಯಲ್ಲಿ.

ಅವರೆಲ್ಲ ಹೋದ ಮೇಲೆ ಡೆಲ್ಫಿನ್ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತ. “ಗಿಟಾರ್ ಬಿಟ್ರೆ ನನ್ಹತ್ರ ಇನ್ನೇನಿದೆ ಹೇಳೋ? ಬ್ರೆಡ್ಡು,” ಎಂದ.

“ಗಿಟಾರೇ ಕೆಟ್ಟದ್ದು ಅಂದ್ಬಿಡು.”

“ಅಂದ್ರೆ ಕೊಂಪಾದ್ರೆ ಕೆಟ್ಟದ್ದು ಕೊಟ್ರು ಅಂದ ಹಾಗಾಗುತ್ತೆ. ಅವರ ಮನೆ ಹಬ್ಬದಲ್ಲಿ ಅವರ ಮಗಳಿಗೇ ಹೆಸರಿಡ್ಲಾ? ಊರು ಬಿಡಬೇಕಾಗುತ್ತೆ ನಾನು.”

ಆದ್ದರಿಂದ ಚಿಕಿತ್ಸೆ ಗುಟ್ಟಾಗಿ ನಡೆಯಬೇಕೆಂದು ಇಬ್ಬರೂ ತೀರ್ಮಾನಿಸಿದೆವು. ನಾನು ಯಾರಿಗೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಕ್ಷೌರಕ್ಕೆ ಬಂದ ಒಬ್ಬಿಬ್ಬರಿಗೆ ಬಿಟ್ಟು.

ಹೊತ್ತೇರುವಷ್ಟರಲ್ಲಿ ಬ್ರೆಡ್ಡಿನ ಸಾಲಿನಲ್ಲಿ ವೈದ್ಯರೇ ನಿಂತಿದ್ದರು. ಕೀನ್ವಾ ಗಂಜಿ ಮಾರುವ ದೋನ್ಯಾ ಯೂಡೋಸಿಯಾ ಬುಟ್ಟಿ ಕೆಳಗಿಟ್ಟು ಹೇಳಿದಳು: “ಬಿಯರ್ ಸುರಿದ್ರೆ ಮರ ಉಬ್ಬದೆ ಇರುತ್ತಾ? ನಮ್ಮನೆಯವರ ಹೊಟ್ಟೆ ನೋಡಿ.”

“ಬಿಯರ್ ಅಲ್ಲಮ್ಮ, ಚಳಿ,” ಎಂದರು ಹಿಂದಿದ್ದ ನಿವೃತ್ತ ಪೊಲೀಸಿನವರು. “ಲೀಮಾದಲ್ಲಿ ಹುಟ್ಟಿದ ಗಿಟಾರು. ಬೆಟ್ಟದ ಗಾಳಿ ಅದಕ್ಕೆ ಆಗಿಬರಲ್ಲ. ಬಿಸಿ ಬಿಸಿ ಕೋಕಾ ಎಲೆ ಕಷಾಯದ ಹಬೆ ಕೊಡಿ.”

“ಹೊಸ ತಂತಿ ಹಾಕಿದ್ರಾ?” ಎಂದು ಮೂರನೆಯವರು ಕೇಳಿದರು.

ಡೆಲ್ಫಿನ್ ಹೊಸ ತಂತಿ ಹಾಕಿದ. ಹಬೆಯನ್ನೂ ಕೊಟ್ಟ. ಈ ಉಪಚಾರದಲ್ಲಿ ಒಲೆ ಮರೆತುಹೋಗಿ ಆ ದಿನದ ಬ್ರೆಡ್ಡು ಕರಿಕಲಾಯಿತು. ಬೀದಿಯವರು ಸಂಗೀತದ ಮೇಲಿನ ಗೌರವದಿಂದ ಅದನ್ನೂ ತಿಂದರು. ಸಂಜೆ ಅಭ್ಯಾಸ. ರೊಸಾಲ್ವಿನಾ ಪಕ್ಕಕ್ಕೆ ಬಂದು, “ಎತ್ತಿ!” ಎಂದಳು. ನಿಂಬೆಹುಳಿ.

ಮರುದಿನ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ, ಕಾಯಿಲೆಯ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು, ವೆನ್ಸೆಸ್ಲಾವೋ ಪೋಮಾನ ಬಳಿಗೆ ಹೋದೆವು. ಪೋಮಾ ರೇಡಿಯೋ, ಟಿವಿ, ಇಸ್ತ್ರಿಪೆಟ್ಟಿಗೆ ರಿಪೇರಿಯವನು. ಅಂಚೆಯ ಮೂಲಕ ವಿದ್ಯೆ ಕಲಿತವನಾದ್ದರಿಂದ ಯಾರು ಎದುರಿಗೆ ಬಂದರೂ ಪಾಠ ಮಾಡುತ್ತಾನೆ, ನಾವೂ ಮಾಯೆಸ್ತ್ರೋ, ಅಂದರೆ ಗುರುವೇ, ಎಂದು ಕರೆಯುತ್ತೇವೆ. ಬಾಗಿಲು ಹಾಕಿಸಿದೆವು.

“ಯಾವಾಗಿಂದ ಹೀಗೆ?”

“ಹುಟ್ಟಿದಾಗಿಂದ, ಮಾಯೆಸ್ತ್ರೋ.”

ಪೋಮಾ ಒಂದು ಡಬ್ಬಿ ತೆಗೆದ. ಅದರೊಳಗೊಂದು ಮುಳ್ಳು. ಸ್ವರ ಸರಿಯಿದ್ದರೆ ಮುಳ್ಳು ನೆಟ್ಟಗೆ ನಿಲ್ಲುತ್ತದೆ, ಏರಿದರೆ ಬಲಕ್ಕೆ ವಾಲುತ್ತದೆ, ಇಳಿದರೆ ಎಡಕ್ಕೆ. “ಕೇಳ್ಸ್ಕೊಳ್ಳಿ. ತಂತೀನ ಬರಿದೆ ಮೀಟಿದ್ರೆ ಒಂದು ಸ್ವರ. ಸರಿಯಾಗಿ ನಡುಮಧ್ಯೆ, ಹನ್ನೆರಡನೇ ಮೆಟ್ಟಿಲ ಹತ್ರ ಒತ್ತಿ ಮೀಟಿದ್ರೆ ಅದೇ ಸ್ವರ ಮೇಲಿನ ಸ್ಥಾಯೀಲಿ ಬರ್ಬೇಕು. ಏರಿದ್ರೆ ಕುದುರೇನ ಹಿಂದಕ್ಕೆ ಸರಿಸ್ಬೇಕು, ಇಳಿದ್ರೆ ಮುಂದಕ್ಕೆ. ಕುದುರೆ ಅಂದ್ರೆ ತಂತಿ ಕೂರೋ ಈ ಪುಟ್ಟ ತುಂಡು, ಆ ಕುದುರೆ ಅಲ್ಲ.”

“ಗೊತ್ತು ಮಾಯೆಸ್ತ್ರೋ,” ಎಂದ ಡೆಲ್ಫಿನ್. ಇಪ್ಪತ್ತು ವರ್ಷದಿಂದ ನುಡಿಸುತ್ತಿದ್ದವನು ಅವನು.

“ಗೊತ್ತಿದ್ರೆ ಇಲ್ಲಿಗ್ಯಾಕೆ ಬಂದ್ರಿ?”

ಪೋಮಾ ತಾನೇ ಒಂದೊಂದು ತಂತಿಯನ್ನೂ ಒತ್ತಿ, ಮೀಟಿ, ಮುಳ್ಳು ನೋಡಿದ. ಎಲ್ಲದರಲ್ಲೂ ಮುಳ್ಳು ಮೆರವಣಿಗೆಯ ಸಿಪಾಯಿಯಂತೆ ನೆಟ್ಟಗಿತ್ತು. ಕಾಯಿಲೆ ಇಲ್ಲವೆಂದು ರೋಗಿಯನ್ನು ಬರಿಗೈಯಲ್ಲಿ ಕಳಿಸುವುದು ಯಾವ ವೈದ್ಯನಿಗೂ ಒಳ್ಳೆಯ ಹೆಸರು ತರುವುದಿಲ್ಲ. ಆದ್ದರಿಂದ ಅವನು ಕುದುರೆಗಳನ್ನೆಲ್ಲ ಒಮ್ಮೆ ಹಿಂದಕ್ಕೆ ಸರಿಸಿ, ನಿಟ್ಟುಸಿರು ಬಿಟ್ಟು, ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದ. “ವಾಸಿಯಾಯ್ತು, ಹೋಗಿ,” ಎಂದ.

ಸಂಜೆ ರೊಸಾಲ್ವಿನಾ ಪಕ್ಕಕ್ಕೆ ಬಂದು “ಎತ್ತಿ!” ಎಂದಳು. ಆ ಸ್ವರವನ್ನು ನಾನು ವರ್ಣಿಸಲಾರೆ. ಮೂಲೆಯಲ್ಲಿ ರಿಲ್ದೋ ಕೀಬೋರ್ಡಿನ ಧೂಳು ಒರೆಸತೊಡಗಿದ.

ಗುಟ್ಟು ಶುಕ್ರವಾರ ದೋನ್ ಔರೇಲಿಯೋ ಅವರಿಗೆ ಮುಟ್ಟಿತು. ಅವರು ಟೋಪಿ ಕೈಯಲ್ಲಿ ಹಿಡಿದು, ಕಿತ್ತಳೆಯ ಬುಟ್ಟಿ ತೆಗೆದುಕೊಂಡು, ಬೇಕರಿಗೆ ಬಂದರು.

“ಕೊಂಪಾದ್ರೆ, ಯೆಸೇನಿಯಾಗೆ ಹುಷಾರಿಲ್ವಂತೆ. ನನಗೊಂದು ಮಾತು ಹೇಳ್ಬಾರ್ದಾ ನೀವು?”

“ಅಂಥದ್ದೇನಿಲ್ಲ ಕೊಂಪಾದ್ರೆ,” ಎಂದ ಡೆಲ್ಫಿನ್, ಬೆವರುತ್ತ. “ಮೇಲೆ ಹತ್ತುವಾಗ ಸ್ವಲ್ಪ... ಉಬ್ಬಸ.”

“ನಮ್ಮ ಕಡೆಯವರಲ್ಲಿ ಯಾರಿಗೂ ಆ ಕಾಯಿಲೆ ಇಲ್ವಲ್ಲ!” ಅವರು ಯೆಸೇನಿಯಾಳ ಮೈ ಸವರಿ ಬಹಳ ಹೊತ್ತು ಯೋಚಿಸಿದರು. “ಔಷಧಿ ಆಯ್ತು, ಡಾಕ್ಟರ್ ಆಯ್ತು. ಇನ್ನು ಸಿರೇನಾನೇ ಗತಿ.”

ಸಿರೇನಾ ಎಂದರೆ ನೀರೊಳಗಿನ ಹೆಣ್ಣು, ಸೊಂಟದಿಂದ ಕೆಳಗೆ ಮೀನು. ಊರ ಮೇಲಿನ ಬೆಟ್ಟದ ಬುಗ್ಗೆಯಲ್ಲಿ ಇರುತ್ತಾಳೆ. ಹಿಂದಿನವರು ತಮ್ಮ ವಾದ್ಯವನ್ನು ಸಾಯಂಕಾಲ ಬುಗ್ಗೆಯ ಬಳಿ ಬಿಟ್ಟು, ಜೊತೆಗೆ ಅವಳಿಗೆ ಮಿಠಾಯಿಯಿಟ್ಟು, ತಿರುಗಿ ನೋಡದೆ ಬರುತ್ತಿದ್ದರು. ಬೆಳಿಗ್ಗೆ ಹೋಗಿ ತಂದರೆ ಅದರ ಶ್ರುತಿಗೆ ಎದುರಿಲ್ಲ. ದೋನ್ ಔರೇಲಿಯೋ ಅವರ ಅಜ್ಜನ ಚರಾಂಗೋ, ಅಂದರೆ ಅಂಗೈಯಗಲದ ತಂತಿವಾದ್ಯ, ಹಾಗೆ ಅವಳ ಕೈಯಲ್ಲಿ ಪಳಗಿದ್ದಂತೆ.

“ಅದು ಕರೆಂಟಿನ ವಾದ್ಯ ಅಲ್ಲ ಕೊಂಪಾದ್ರೆ,” ಎಂದ ಡೆಲ್ಫಿನ್. “ಇದಕ್ಕೆ ಕರೆಂಟ್ ಇಲ್ದಿದ್ರೆ ಸೊಳ್ಳೆ ಕೆಮ್ಮಿದ ಹಾಗೆ ಕೇಳುತ್ತೆ. ಅಲ್ಲಿ ಪ್ಲಗ್ ಎಲ್ಲಿದೆ?”

ಪೋಮಾನನ್ನು ಕರೆಸಿ ಕೇಳಿದೆವು. ಅವನು ಗಂಭೀರನಾದ. “ಅವಳು ನೀರಲ್ಲಿರೋಳು. ಕರೆಂಟ್ ಹೊಡೆದು ಅವಳಿಗೇನಾದ್ರೂ ಆದ್ರೆ ಇಡೀ ಕಣಿವೆಯ ಶ್ರುತಿಗೆ ಯಾರಪ್ಪಾ ಜವಾಬ್ದಾರಿ? ಬ್ಯಾಟರಿ ಸ್ಪೀಕರ್ ಕೊಡ್ತೀನಿ. ಗುಂಡಿ ಒತ್ತೋದು ಹೇಗೆ ಅಂತ ಚಿತ್ರ ಬರೆದು ಪಕ್ಕದಲ್ಲಿಡಿ.”

ಆ ಸಂಜೆಯೇ ಗಿಟಾರು, ಸ್ಪೀಕರು, ಮಿಠಾಯಿ, ಚಿತ್ರ ಎಲ್ಲವನ್ನೂ ಬುಗ್ಗೆಯ ಬಳಿ ಇಟ್ಟು ಬಂದೆವು. ಶನಿವಾರ ಬೆಳಿಗ್ಗೆ ಡೆಲ್ಫಿನ್, ದೋನ್ ಔರೇಲಿಯೋ, ನಾನು ಮೂವರೂ ಬೆಟ್ಟ ಹತ್ತಿ ಹೋದಾಗ ಬುಗ್ಗೆಯ ಬಳಿ ಕುರಿ ಕಾಯುವ ಹೆಂಗಸೊಬ್ಬಳು ಕುಳಿತಿದ್ದಳು. ಗಿಟಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ದೋನ್ ಔರೇಲಿಯೋ ಟೋಪಿ ತೆಗೆದು, ಬಹಳ ಭಯಭಕ್ತಿಯಿಂದ ಅವಳ ಕಾಲಿನ ಕಡೆ ನೋಡಿದರು. ಗಂಬೂಟು ಇತ್ತು.

“ನಿಮ್ದಾ ಇದು?” ಎಂದಳು ಅವಳು. “ಇಬ್ಬನೀಲಿ ನೆನೀತಿತ್ತು, ಮುಚ್ಚಿಟ್ಟೆ. ಮಿಠಾಯಿ ನಾನೇ ತಿಂದೆ ಸ್ವಾಮಿ. ಚಿತ್ರ ಅರ್ಥ ಆಗ್ಲಿಲ್ಲ.”

ಡೆಲ್ಫಿನ್ ಗಿಟಾರು ಎತ್ತಿಕೊಂಡ. ಬ್ಯಾಟರಿ ಸ್ಪೀಕರಿನ ಗುಂಡಿ ಒತ್ತಿ, ಬಂಡೆಯ ಮೇಲೆ ಕುಳಿತು ಸೀದಾ ಮೇಲ್ತುದಿಗೆ ಹೋದ. ಏನು ಹೇಳಲಿ! ಬುಗ್ಗೆಯ ನೀರಿನಷ್ಟು ತಿಳಿಯಾದ ಸ್ವರ. ಕುರಿಗಳು ಮೇಯುವುದು ಬಿಟ್ಟು ತಲೆ ಎತ್ತಿದವು. ದೋನ್ ಔರೇಲಿಯೋ ಬಿಕ್ಕಿ ಬಿಕ್ಕಿ ಅತ್ತು ಆ ಹೆಂಗಸಿಗೆ ಭಾನುವಾರದ ಊಟಕ್ಕೆ ಕರೆ ಕೊಟ್ಟರು. ನಾವು ಹಾಡಿಕೊಂಡೇ ಬೆಟ್ಟ ಇಳಿದೆವು. ಗುಣವಾದ ರೋಗಿಯನ್ನು ದಣಿಸಬಾರದೆಂದು ಆ ಸಂಜೆಯ ಅಭ್ಯಾಸವನ್ನೂ ಕೈಬಿಟ್ಟೆವು.

ಭಾನುವಾರ ಮಧ್ಯಾಹ್ನ ದೋನ್ ಔರೇಲಿಯೋ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದೊಳಗಿನ ಬಿಸಿ ಕಲ್ಲಿನ ಮೇಲೆ ಮಾಂಸ, ಆಲೂಗಡ್ಡೆ ಬೇಯುತ್ತಿತ್ತು. ಹೊಸ ಸೂರಿನ ಮೇಲೆ ನಿಲ್ಲಿಸುವ ಶಿಲುಬೆಗೆ ಧರ್ಮತಾಯಿ ರೊಸಾಲ್ವಿನಾಳೇ. ಅವಳು ಮಹಡಿಯ ಮೇಲೆ ಶಿಲುಬೆಗೆ ರಿಬ್ಬನ್ ಕಟ್ಟಿ, ಕೆಳಗಿನ ಜನರ ಮೇಲೆ ಮಿಠಾಯಿ ಎರಚುತ್ತಿದ್ದಳು. ಅವಳಿಲ್ಲದೆಯೇ ನಾವು ಶುರುಮಾಡಿದೆವು. ಡೆಲ್ಫಿನ್ ಮೇಲಿನ ಮೆಟ್ಟಿಲುಗಳಲ್ಲಿ ಓಡಾಡಿದ್ದೇ ಓಡಾಡಿದ್ದು. ಜನ ಹುಚ್ಚೆದ್ದು ಕುಣಿದರು. ಪೋಮಾ, “ನನ್ನ ಕುದುರೆ!” ಎಂದು ಅಕ್ಕಪಕ್ಕದವರಿಗೆ ಹೇಳಿದ. ದೋನ್ ಔರೇಲಿಯೋ, “ಸಿರೇನಾ!” ಎಂದರು.

ರೊಸಾಲ್ವಿನಾ ಏಣಿ ಇಳಿದು ವೇದಿಕೆಗೆ ಬಂದಳು. “ಇವತ್ತು ಸಕ್ಕರೆ ಥರ ಇದೆ ಕಣ್ರೀ!” ಎಂದು ನಕ್ಕು ಹಾಡತೊಡಗಿದಳು. ಗಿಟಾರಿನ ಸರದಿ ಬಂತು. ಅವಳು ಪಕ್ಕಕ್ಕೆ ಬಂದು, “ಎತ್ತಿ, ದೋನ್ ಡೆಲ್ಫಿನ್!” ಎಂದಳು.

ಕುಣಿಯುತ್ತಿದ್ದವರಲ್ಲಿ ಒಂದು ಕಾಲು ಎತ್ತಿಕೊಂಡಿದ್ದವರು ಎತ್ತಿಕೊಂಡೇ ನಿಂತರು.

“ಸಿರೇನಾಗೆ ಹೊಟ್ಟೆಕಿಚ್ಚು!” ಎಂದು ಯಾರೋ ಕೂಗಿದರು. “ಸೆನ್ಯೋರಾ ಕಂಡ್ರೆ ಆಗಲ್ಲ ಅವಳಿಗೆ!”

“ಗಿಟಾರೇ ಸರಿಯಿಲ್ಲ!” ಎಂದರು ಇನ್ಯಾರೋ.

“ಯಾವನೋ ಅವನು ನನ್ನ ಮಗಳಿಗೆ ಹೆಸರಿಡೋನು?” ದೋನ್ ಔರೇಲಿಯೋ ವೇದಿಕೆ ಹತ್ತಿದರು. ಅವರ ಹಿಂದೆಯೇ ಡಬ್ಬಿ ಹಿಡಿದ ಪೋಮಾ ಹತ್ತಿದ. “ನನ್ನ ಮುಳ್ಳು ಸುಳ್ಳು ಹೇಳಲ್ಲ! ಒಂದೊಂದೇ ಬದಲಾಯಿಸಿ ನೋಡೋಣ. ಶಾಸ್ತ್ರ ಅಂದ್ರೆ ಅದೇ. ಯಾರೂ ಅಲುಗಾಡ್ಬೇಡಿ!”

ವೈರು ಬದಲಾಯಿಸಿದ. “ಮೀಟಿ.” ಮುಳ್ಳು ಬಲಕ್ಕೆ ವಾಲಿತು. ಸ್ಪೀಕರ್ ದೂರ ಇಡಿಸಿದ. ಬಲಕ್ಕೆ. ನನ್ನ ಕಡೆ ತಿರುಗಿ, “ನೀನು ಕೆಳಗಿಳಿ,” ಎಂದ. ಶ್ರುತಿಯೇ ಇಲ್ಲದ ವಾದ್ಯದವನನ್ನು ಶ್ರುತಿದೋಷದ ಆರೋಪಕ್ಕೆ ಗುರಿಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಇಳಿದೆ. ಮುಳ್ಳು ಬಲಕ್ಕೇ.

“ಸೆನ್ಯೋರಾ, ತಪ್ಪು ತಿಳೀಬೇಡಿ, ನೀವೂ ಸ್ವಲ್ಪ ಆ ಕಡೆ...”

ರೊಸಾಲ್ವಿನಾ ಮುಖ ಸಿಂಡರಿಸಿ ವೇದಿಕೆಯ ಅಂಚಿಗೆ ಹೋದಳು. ಡೆಲ್ಫಿನ್ ಮೀಟಿದ. ಮುಳ್ಳು ನೆಟ್ಟಗೆ ನಿಂತಿತು.

“ಈಗ ಹತ್ರ ಬನ್ನಿ,” ಎಂದ ಪೋಮಾ. ಅವಳು ಬಂದಳು, ಮುಳ್ಳು ಬಲಕ್ಕೆ ಹೋಯಿತು. ಹಿಂದೆ ಸರಿದಳು, ನೆಟ್ಟಗಾಯಿತು. ಮತ್ತೆ ಬಂದಳು, ಮತ್ತೆ ವಾಲಿತು. ಜನ ಚೆಂಡಾಟ ನೋಡುವವರಂತೆ ಕತ್ತು ಆಡಿಸುತ್ತಿದ್ದರು.

“ಗೊತ್ತಾಯ್ತು!” ಎಂದರು ದೋನ್ ಔರೇಲಿಯೋ. “ಕಿವಿಯೋಲೆ! ಅದ್ರಲ್ಲಿ ಕಬ್ಬಿಣ ಇದೆ. ಗಿಟಾರಿನ ಅಯಸ್ಕಾಂತ ಎಳೀತಿದೆ!”

“ಬೆಳ್ಳಿ ಇದು ದೋನ್ ಔರೇಲಿಯೋ, ನಮ್ಮಮ್ಮಂದು,” ಎಂದಳು ರೊಸಾಲ್ವಿನಾ ಕೆರಳಿ. ಆದರೂ ಓಲೆಗಳನ್ನು ಬಿಚ್ಚಿ ಅವರ ಕೈಗಿಟ್ಟಳು. ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಡೆಲ್ಫಿನನ ಪಕ್ಕಕ್ಕೇ ಬಂದು ನಿಂತಳು. ಅವನು ಮೀಟಿದ. ಮುಳ್ಳು ಡಬ್ಬಿಯ ಗೋಡೆಗೆ ಟಕ್ಕೆಂದು ಬಡಿಯಿತು.

ಆಗ ಪೋಮಾ ಮೊದಲ ಬಾರಿಗೆ ಮುಳ್ಳು ಬಿಟ್ಟು ಕೈಯನ್ನು ನೋಡಿದ. ಡೆಲ್ಫಿನನ ಬೆರಳಿನ ಗೆಣ್ಣುಗಳು ಮೈದಾಹಿಟ್ಟಿನಷ್ಟು ಬಿಳುಚಿದ್ದವು. ತಂತಿ ದಂಡಿಯೊಳಗೆ ಹೂತುಹೋಗುವಂತಿತ್ತು.

“ಅಯ್ಯೋ ಮಾರಾಯ, ತಂತಿ ಅದು, ಹಿಟ್ಟಲ್ಲ! ಹಾಗೆ ಅದುಮಿದ್ರೆ ಯಾವ ಗಿಟಾರಿನ ಸ್ವರಾನೂ ಏರುತ್ತೆ. ಯಾಕ್ರೀ ಹೀಗೆ ಅದುಮ್ತೀರಿ?”

“ನಾನಾ? ನಾನೆಲ್ಲಿ ಅದುಮಿದೆ?”

“ಅವರು ಆ ಕಡೆ ಹೋದಾಗ ಅದುಮಲ್ಲ ನೀವು.”

ಹಳೆಯ ಗಿಟಾರಿನ ವೈರು ಮೊಳದುದ್ದ. ಅದಿದ್ದಷ್ಟು ಕಾಲ ಡೆಲ್ಫಿನ್ ಹಿಂದುಗಡೆ ಸ್ಪೀಕರಿಗೆ ಅಂಟಿಕೊಂಡೇ ನುಡಿಸುತ್ತಿದ್ದ. ರೊಸಾಲ್ವಿನಾ ಅಲ್ಲಿಗೆ ಹೋಗುತ್ತಿರಲಿಲ್ಲ. ಉದ್ದದ ವೈರು ಅವನನ್ನು ಮುಂದಕ್ಕೆ ತಂದು ಅವಳ ಪಕ್ಕದಲ್ಲಿ ನಿಲ್ಲಿಸಿತ್ತು. ಇದು ನನಗೆ ಆಗ ಹೊಳೆಯಿತು. ಹೊಳೆದದ್ದನ್ನು ಎಲ್ಲರಿಗೂ ಹೇಳೋಣವೆಂದುಕೊಂಡೆ. ಆದರೆ ಅಂಗಳದ ಮುಖಗಳನ್ನು ನೋಡಿದರೆ ಉಳಿದವರಿಗೆ ವೈರಿನ ನೆರವಿಲ್ಲದೆಯೇ ಹೊಳೆದಿತ್ತು.

“ಬಿಯರ್ ತಪ್ಪಲ್ಲ ಬಿಡಿ,” ಎಂದಳು ದೋನ್ಯಾ ಯೂಡೋಸಿಯಾ ಜನರ ನಡುವಿನಿಂದ.

ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ, ಯಾಕೆಂದರೆ ಡೆಲ್ಫಿನ್ ಹೆಗಲ ಪಟ್ಟಿ ಬಿಚ್ಚಿದ. ಅವನ ಮುಖ ಒಲೆಯ ಬಾಯಿಯಂತೆ ಕೆಂಪಗಿತ್ತು. ಯೆಸೇನಿಯಾಳನ್ನು ಮೆಲ್ಲಗೆ ಧರ್ಮತಂದೆಯ ಕೈಗೆ ಕೊಟ್ಟ.

“ನಿಮ್ಮ ಮಗಳಲ್ಲಿ ಯಾವ ದೋಷಾನೂ ಇಲ್ಲ ಕೊಂಪಾದ್ರೆ. ದೋಷ ನಂದು.” ಅವಳ ಕಡೆ ನೋಡದೆ, “ಸೆನ್ಯೋರಾ, ರಿಲ್ದೋನ ಕರೀರಿ,” ಎಂದ.

ರೊಸಾಲ್ವಿನಾ ಅವನ ಬರಿಗೈಗಳನ್ನು ಒಮ್ಮೆ ನೋಡಿದಳು. ಆಮೇಲೆ ಮೂಲೆಗೆ ತಿರುಗಿ, “ರಿಲ್ದೋ, ಪ್ಲಗ್ ಹಾಕಪ್ಪ,” ಎಂದಳು.

ಇಡೀ ಅಂಗಳ “ಅಯ್ಯೋ” ಎಂದಿತು. ನಾನೂ ಎಂದೆ, ಸುಳ್ಳು ಹೇಳುವುದಿಲ್ಲ. ಕೀಬೋರ್ಡು ಶುರುವಾಯಿತು. ಡೆಲ್ಫಿನ್ ತಲೆ ತಗ್ಗಿಸಿ ವೇದಿಕೆ ಇಳಿದ. ಗೇಟಿನ ಕಡೆ ಹೊರಟ.

“ಎಲ್ಲಿಗ್ರೀ ಹೊರಟ್ರಿ?”

ಅವಳು ಮೈಕು ಕೆಳಗಿಟ್ಟು ಅವನ ಹಿಂದೆಯೇ ಇಳಿದು ಬಂದಿದ್ದಳು. “ನಮ್ಮನೆಯವರು ಹೋದಾಗಿಂದ ಊರಿನವರನ್ನೆಲ್ಲ ಕುಣಿಸಿದ್ದೇ ಆಯ್ತು. ನನ್ನ ಕುಣಿಯೋಕೆ ಕರೆದೋರು ಒಬ್ರೂ ಇಲ್ಲ. ಗಿಟಾರ್ ಹಿಡಿದ ಕೈಗೆ ಪುರುಸೊತ್ತು ಯಾವಾಗ ಸಿಗುತ್ತೋ ಅಂತ ನಾನೂ ನೋಡ್ತಾನೇ ಇದ್ದೆ.”

ಡೆಲ್ಫಿನ್ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಒರೆಸುವುದು ಮುಗಿಯುವ ಲಕ್ಷಣ ಕಾಣದ್ದರಿಂದ ಅವಳೇ ಅವನ ಕೈ ಹಿಡಿದು ಅಂಗಳದ ನಡುವೆ ಎಳೆದುಕೊಂಡು ಹೋದಳು. ಜನ ಜಾಗ ಬಿಟ್ಟರು. ದೋನ್ ಔರೇಲಿಯೋ ಒಂದು ಕೈಯಲ್ಲಿ ಗಿಟಾರು, ಇನ್ನೊಂದು ಕೈಯಲ್ಲಿ ಓಲೆ ಹಿಡಿದು ಅಳಲು ಶುರುಮಾಡಿದರು. ಕಣ್ಣೊರಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ರಿಲ್ದೋ ಒಂದು ಸ್ವರವನ್ನೂ ತಪ್ಪದೆ ನುಡಿಸುತ್ತಿದ್ದ, ಪಾಪ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ವೇದಿಕೆಯಿಂದ ಇಳಿಸಿದ್ದರಿಂದ ನಾನು ಅವರಿಬ್ಬರ ಪಕ್ಕದಲ್ಲೇ ನಿಂತಿದ್ದೆ. ಹಾಗಾಗಿ ಅವಳು ಅವನಿಗೆ ಹೇಳಿದ ಮಾತು ನನಗೊಬ್ಬನಿಗೆ ಕೇಳಿಸಿತು.

“ಕೈ ಸ್ವಲ್ಪ ಸಡಿಲ ಬಿಡಿ, ಡೆಲ್ಫಿನ್. ನಾನೆಲ್ಲೂ ಓಡಿಹೋಗಲ್ಲ.”